ಅಂಡಾಶಯ ಕ್ಯಾನ್ಸರ್: ಬಯಾಪ್ಸಿ ರಿಪೋರ್ಟಿನ ಐಎಚ್‌ಸಿ ಪುಟ ಓದುವ ಬಗೆ

"ಪಿ53 ಪಾಸಿಟಿವ್ ಅಂತ ಬಂದಿದೆ. ಅಮ್ಮನಿಗೆ ಎಷ್ಟು ದಿನ?"

ಈ ಪ್ರಶ್ನೆ ನನ್ನ ವಾಟ್ಸಾಪಿಗೆ ಮತ್ತೆ ಮತ್ತೆ ಬರುತ್ತದೆ. ಜೊತೆಗೆ ನಾಲ್ಕು ಮಡಿಕೆ ಮಾಡಿದ ರಿಪೋರ್ಟಿನ ಫೋಟೋ, ಮೂಲೆ ಕಟ್ಟಾಗಿರುತ್ತದೆ, ಬೇಕಾದ ಸಾಲು ಆ ಮೂಲೆಯಲ್ಲೇ ಇರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡೋದಕ್ಕಿಂತ ಒಂದೇ ಕಡೆ ಬರೆದಿಡೋಣ ಅನಿಸಿತು.

ನಾನು ಡಾಕ್ಟರ್ ಅಲ್ಲ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಹಿಸ್ಟೋಪ್ಯಾಥಾಲಜಿ ಟೆಕ್ನಿಷಿಯನ್. ಬ್ಲಾಕ್, ಅಂದರೆ ಗಡ್ಡೆಯ ಚೂರು ಹುದುಗಿಸಿದ ಮೇಣದ ಬಿಲ್ಲೆ ಕತ್ತರಿಸಿ, ಸ್ಲೈಡಿಗೆ ಬಣ್ಣ ಹಾಕಿ, ಪ್ಯಾಥಾಲಜಿಸ್ಟ್ ಟೇಬಲ್ಲಿಗೆ ತಲುಪಿಸೋದು ನನ್ನ ಕೆಲಸ. ಯಾವ ಔಷಧಿ ಕೊಡಬೇಕು ಅನ್ನೋದನ್ನು ನಿಮ್ಮ ಆಂಕಾಲಜಿಸ್ಟ್ ಹೇಳಬೇಕು. ಆ ಪುಟದಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಅನ್ನೋದನ್ನು ಮಾತ್ರ ನಾನು ಹೇಳಬಲ್ಲೆ.

ಮೊದಲು ಕೈಲಿ ಏನೇನಿರಬೇಕು

ಬಯಾಪ್ಸಿ ರಿಪೋರ್ಟಿನ ಎಲ್ಲಾ ಪುಟಗಳು. ಆಪರೇಷನ್ ಆಗಿದ್ದರೆ ಅದರ ಬೇರೆ ರಿಪೋರ್ಟ್, ಆಪರೇಷನ್ ನೋಟ್ಸ್, ಸಿಟಿ ಸ್ಕ್ಯಾನ್ ರಿಪೋರ್ಟ್. ಕೀಮೋ ಶುರುವಾಗಿದ್ದರೆ ಶುರುವಾದ ತಾರೀಖು. ಬ್ಲಾಕ್ ನಂಬರ್ ಎಲ್ಲಿದೆ ಅಂತ ಹುಡುಕಿ ಪೆನ್ಸಿಲಿನಲ್ಲಿ ಸುತ್ತು ಹಾಕಿ. ಸಾಮಾನ್ಯವಾಗಿ ಮೊದಲ ಪುಟದ ಮೇಲ್ಗಡೆ ಇರುತ್ತದೆ, ಆಮೇಲೆ ಬೇಕಾಗುತ್ತದೆ.

1. ಇದು ರಕ್ತದ ಪರೀಕ್ಷೆಯೋ, ಗಡ್ಡೆಯ ಪರೀಕ್ಷೆಯೋ, ಜೀನ್ ಪರೀಕ್ಷೆಯೋ?

ಮೂರನ್ನೂ ಜನ "ಮಾರ್ಕರ್ ಟೆಸ್ಟ್" ಅಂತಲೇ ಕರೀತಾರೆ. ಅರ್ಧ ಗೊಂದಲ ಅಲ್ಲೇ ಹುಟ್ಟೋದು.

ಸಿಎ-125 ರಕ್ತದ ಪರೀಕ್ಷೆ. 35ರ ಒಳಗಿದ್ದರೆ ನಾರ್ಮಲ್ ಅಂತ ಬರೆದಿರುತ್ತಾರೆ. ಇದು ಕ್ಯಾನ್ಸರ್ ಒಂದರಲ್ಲೇ ಏರೋದಲ್ಲ. ಎಂಡೋಮೆಟ್ರಿಯೋಸಿಸ್, ಗರ್ಭ, ಮುಟ್ಟು, ಹೊಟ್ಟೆಯ ಟಿಬಿ, ಇವುಗಳಲ್ಲೂ ಏರುತ್ತದೆ. ಹೊಟ್ಟೆಯ ಟಿಬಿಯಲ್ಲಿ ನೀರು ತುಂಬಿ, ಸಿಎ-125 ನೂರಾರಕ್ಕೆ ಏರಿ, ಸ್ಕ್ಯಾನ್ ಕೂಡ ಕ್ಯಾನ್ಸರ್ ತರಹವೇ ಕಾಣಬಹುದು. ನಮ್ಮ ದೇಶದಲ್ಲಿ ಇದನ್ನು ಮರೆಯೋ ಹಾಗಿಲ್ಲ. ಅದಕ್ಕೇ ಬಯಾಪ್ಸಿ ಬೇಕು.

ಐಎಚ್‌ಸಿ, ಅಂದರೆ ಇಮ್ಯುನೋಹಿಸ್ಟೋಕೆಮಿಸ್ಟ್ರಿ, ಗಡ್ಡೆಯ ಚೂರಿನ ಮೇಲೆ ಮಾಡೋದು. ಚೂರನ್ನು ಫಾರ್ಮಲಿನ್‌ನಲ್ಲಿ ಕೆಡದಂತೆ ಇಟ್ಟು, ಮೇಣದಲ್ಲಿ ಹುದುಗಿಸಿರುತ್ತಾರೆ. ಆ ಮೇಣದ ಬಿಲ್ಲೆಯೇ ಬ್ಲಾಕ್. ಅದರಿಂದ ಸುಮಾರು 4 ಮೈಕ್ರಾನ್ ದಪ್ಪದ ಪದರ ತೆಗೀತೀವಿ, ಒಂದು ಮಿಲಿಮೀಟರನ್ನು 250 ಪಾಲು ಮಾಡಿದರೆ ಸಿಗುವ ಒಂದು ಪಾಲು. ಬಿಸಿನೀರಿನ ಮೇಲೆ ಬಿಟ್ಟರೆ ಹಾಲಿನ ಕೆನೆಯ ಹಾಗೆ ಹರಡಿಕೊಳ್ಳುತ್ತದೆ, ಅದನ್ನು ಗಾಜಿನ ಸ್ಲೈಡ್ ಮೇಲೆ ಎತ್ತಿಕೊಳ್ಳುತ್ತೇವೆ. ಆಮೇಲೆ ಒಂದು ಆಂಟಿಬಾಡಿ ಹಾಕುತ್ತೇವೆ. ಗೊತ್ತುಮಾಡಿದ ಪ್ರೋಟೀನನ್ನೇ ಹುಡುಕಿ ಅಂಟಿಕೊಳ್ಳೋದು ಅದರ ಕೆಲಸ. ಪ್ರೋಟೀನ್ ಇರುವ ಕಡೆ ಕಂದು ಬಣ್ಣ ಬರುತ್ತದೆ. ಇಲ್ಲದ ಕಡೆ ಜೀವಕೋಶದ ನ್ಯೂಕ್ಲಿಯಸ್ ಬರೀ ನೀಲಿಯಾಗಿ ಕಾಣುತ್ತದೆ. "ಎಕ್ಸ್‌ಪ್ರೆಶನ್" ಅಂತ ರಿಪೋರ್ಟಿನಲ್ಲಿ ಬರೆಯೋದು ಈ ಕಂದನ್ನೇ.

ಬಿಆರ್‌ಸಿಎ ಜೀನ್ ಪರೀಕ್ಷೆ. ಡಿಎನ್‌ಎ ರಿಪೇರಿ ಮಾಡುವ ಜೀನ್ ಅದು, ಕೆಟ್ಟಿದ್ದರೆ ವಂಶದಲ್ಲೂ ಬಂದಿರಬಹುದು. ಅದು ಐಎಚ್‌ಸಿ ಪಟ್ಟಿಯಲ್ಲಿ ಬರೋದಿಲ್ಲ. "ಐಎಚ್‌ಸಿ ಆಯ್ತಲ್ಲ, ಬಿಆರ್‌ಸಿಎ ಅದರಲ್ಲೇ ಬಂದಿರುತ್ತೆ" ಅಂದುಕೊಂಡು ತಿಂಗಳು ಕಳೆದವರಿದ್ದಾರೆ.

2. ಕ್ಯಾನ್ಸರ್‌ನ ಪೂರ್ತಿ ಹೆಸರು ಹುಡುಕಿ

"ಓವರಿ ಕ್ಯಾನ್ಸರ್" ಅನ್ನೋದು ಅರ್ಧ ಹೆಸರು. ಕೊನೆಯಲ್ಲಿ "ಇಂಪ್ರೆಶನ್" ಅಥವಾ "ಡಯಾಗ್ನೋಸಿಸ್" ಅಂತ ಇರುವ ಕಡೆ ನೋಡಿ. ಹೈ ಗ್ರೇಡ್ ಸೀರಸ್, ಲೋ ಗ್ರೇಡ್ ಸೀರಸ್, ಎಂಡೋಮೆಟ್ರಿಯಾಯ್ಡ್, ಕ್ಲಿಯರ್ ಸೆಲ್, ಮ್ಯೂಸಿನಸ್, ಈ ಐದರಲ್ಲಿ ಒಂದು ಇರುವ ಸಾಧ್ಯತೆ ಜಾಸ್ತಿ. ಹತ್ತರಲ್ಲಿ ಸುಮಾರು ಏಳು ಹೈ ಗ್ರೇಡ್ ಸೀರಸ್.

ಈ ಹೆಜ್ಜೆ ಬಿಟ್ಟರೆ ಮುಂದಿನದ್ದೆಲ್ಲ ವ್ಯರ್ಥ. ಆಟೋ ಹತ್ತಿ "4ನೇ ಕ್ರಾಸ್" ಅಂದರೆ ಡ್ರೈವರ್ ಏನು ಕೇಳ್ತಾನೆ? ಯಾವ ಏರಿಯಾ ಅಂತ, ಅಲ್ವಾ? ಜಯನಗರದಲ್ಲೂ 4ನೇ ಕ್ರಾಸ್ ಇದೆ, ಮಲ್ಲೇಶ್ವರದಲ್ಲೂ ಇದೆ. ಪ್ರೋಟೀನ್ ಕೂಡ ಹಾಗೇ. ಒಂದೇ ಪ್ರೋಟೀನ್ ಒಂದು ವಿಧದಲ್ಲಿ ಒಂದು ಅರ್ಥ ಕೊಟ್ಟರೆ ಇನ್ನೊಂದು ವಿಧದಲ್ಲಿ ಏನೂ ಹೇಳದೇ ಇರಬಹುದು. 2008ರಲ್ಲಿ 500 ಅಂಡಾಶಯ ಕ್ಯಾನ್ಸರ್ ಸ್ಯಾಂಪಲ್‌ಗಳಲ್ಲಿ 21 ಮಾರ್ಕರ್‌ ನೋಡಿದ ಒಂದು ಅಧ್ಯಯನ ತೋರಿಸಿದ್ದು ಇದನ್ನೇ: ಎಲ್ಲಾ ವಿಧಗಳನ್ನೂ ಒಟ್ಟಿಗೆ ಕಲಸಿ ಲೆಕ್ಕ ಹಾಕಿದರೆ ತಪ್ಪು ಉತ್ತರ ಬರುತ್ತದೆ, ಇವು ಬೇರೆ ಬೇರೆ ಕಾಯಿಲೆಗಳು ಅಂತಲೇ ನೋಡಬೇಕು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ರಿಪೋರ್ಟಿನಲ್ಲಿ "ಫಾಲೋಪಿಯನ್ ಟ್ಯೂಬ್" (ಅಂಡನಾಳ) ಅಥವಾ "ಪೆರಿಟೋನಿಯಲ್" (ಹೊಟ್ಟೆಯೊಳಗಿನ ಪೊರೆಯದು) ಅಂತ ಬಂದರೆ ರಿಪೋರ್ಟ್ ಅದಲುಬದಲಾಯ್ತು ಅಂತ ಗಾಬರಿ ಬೇಡ. ಹೈ ಗ್ರೇಡ್ ಸೀರಸ್‌ನಲ್ಲಿ ಹೆಚ್ಚಿನವು ಅಂಡನಾಳದ ತುದಿಯಲ್ಲಿ ಶುರುವಾಗುತ್ತವೆ ಅಂತ ಈಗ ತಿಳಿದಿದೆ. ಮೂರಕ್ಕೂ ಚಿಕಿತ್ಸೆ ಹೆಚ್ಚುಕಡಿಮೆ ಒಂದೇ.

3. ಪಟ್ಟಿಯನ್ನು ಮೂರು ರಾಶಿ ಮಾಡಿ

ಐಎಚ್‌ಸಿ ಪುಟದಲ್ಲಿ ಹತ್ತು ಹನ್ನೆರಡು ಹೆಸರಿರಬಹುದು. ಎಲ್ಲವೂ ಮುಂದೇನಾಗುತ್ತೆ ಅಂತ ಹೇಳೋಕೆ ಮಾಡಿದ್ದಲ್ಲ.

ಮೊದಲ ರಾಶಿ, ಗುರುತು ಹಿಡಿಯೋಕೆ ಮಾಡಿದ್ದು. ಪ್ಯಾಕ್ಸ್8, ಡಬ್ಲ್ಯೂಟಿ1, ಸಿಕೆ7, ಸಿಕೆ20, ನ್ಯಾಪ್ಸಿನ್-ಎ ಇವೆಲ್ಲ ಇಲ್ಲಿಗೆ. ಪ್ಯಾಕ್ಸ್8, ಡಬ್ಲ್ಯೂಟಿ1, ಸಿಕೆ7 ಪಾಸಿಟಿವ್, ಸಿಕೆ20 ನೆಗೆಟಿವ್ ಇದ್ದರೆ ಸೀರಸ್ ವಿಧಕ್ಕೆ ಹೊಂದುತ್ತದೆ. ನ್ಯಾಪ್ಸಿನ್-ಎ ಪಾಸಿಟಿವ್, ಡಬ್ಲ್ಯೂಟಿ1 ನೆಗೆಟಿವ್ ಆದರೆ ಕ್ಲಿಯರ್ ಸೆಲ್ ಕಡೆ ಬೆರಳು ತೋರಿಸುತ್ತದೆ. ಇಲ್ಲಿ "ಪಾಸಿಟಿವ್" ಅಂದರೆ ಕೆಟ್ಟದ್ದೂ ಅಲ್ಲ, ಒಳ್ಳೇದೂ ಅಲ್ಲ. ಆಧಾರ್ ಕಾರ್ಡಿನಲ್ಲಿ ಊರಿನ ಹೆಸರಿದ್ದ ಹಾಗೆ. ಗಡ್ಡೆ ಓವರಿ ಕಡೆಯದೋ, ಕರುಳಿನಿಂದ ಬಂದಿದ್ದೋ ಅಂತ ತಿಳಿಯೋಕೆ ಇದು ಬೇಕು.

ಎರಡನೇ ರಾಶಿ, ಔಷಧಿ ಕೆಲಸ ಮಾಡುತ್ತಾ ಅಂತ ನೋಡೋಕೆ ಮಾಡಿದ್ದು. ಇದಕ್ಕೆ ಡಾಕ್ಟರುಗಳು ಪ್ರೆಡಿಕ್ಟಿವ್ ಅಂತಾರೆ. ಮೂರನೇ ರಾಶಿ, ಕಾಯಿಲೆ ಮುಂದೆ ಯಾವ ದಾರಿ ಹಿಡಿಯಬಹುದು ಅಂತ ಅಂದಾಜು ಮಾಡೋಕೆ ಬಳಸೋದು. ಅದು ಪ್ರೊಗ್ನೋಸ್ಟಿಕ್, ಮುನ್ಸೂಚನೆಯ ಮಾರ್ಕರ್. ಈ ಎರಡು ಪದಗಳು ಕೇಳೋಕೆ ಒಂದೇ ತರಹ ಇರೋದರಿಂದ ಎಡವೋದು ಸಹಜ. ಒಂದು ಮಾರ್ಕರ್ ಎರಡೂ ರಾಶಿಗೆ ಸೇರಬಹುದು. ಯಾವ ರಾಶಿಗೂ ಸೇರದೆ ಸುಮ್ನೆ ಪ್ಯಾನೆಲ್‌ನಲ್ಲಿ ಇರುತ್ತೆ ಅಂತ ಮಾಡಿದ್ದೂ ಇರಬಹುದು.

ಪ್ರತಿ ಹೆಸರಿನ ಮುಂದೆ ಪೆನ್ಸಿಲಿನಲ್ಲಿ 1, 2, 3 ಅಂತ ಬರೆದುಕೊಳ್ಳಿ. ಗೊತ್ತಾಗದೇ ಇದ್ದಿದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಡಾಕ್ಟರಿಗೆ ತೋರಿಸಿ.

4. ಪಿ53 ಸಾಲು: ಇಲ್ಲಿ ನಿಧಾನ

ಜನ ಜಾಸ್ತಿ ಹೆದರೋದು ಈ ಸಾಲಿಗೇ. ಆದ್ದರಿಂದ ಸ್ವಲ್ಪ ಉದ್ದ ಬರೀತೀನಿ.

ಪಿ53 ಎಲ್ಲರ ಜೀವಕೋಶದಲ್ಲೂ ಇರುವ ಕಾವಲುಗಾರ ಪ್ರೋಟೀನ್. ಡಿಎನ್‌ಎ ಹಾಳಾದರೆ ಜೀವಕೋಶ ಒಡೆದು ಎರಡಾಗದ ಹಾಗೆ ತಡೆಯುತ್ತದೆ. ಸರಿಯಾಗಿರುವಾಗ ಇದು ಬೇಗ ಬೇಗ ಕರಗಿ ಹೋಗುತ್ತಿರುತ್ತದೆ. ಹಾಗಾಗಿ ಸ್ಲೈಡಿನಲ್ಲಿ ಕೆಲವು ನ್ಯೂಕ್ಲಿಯಸ್ ಗಾಢ ಕಂದು, ಕೆಲವು ತೆಳು, ಕೆಲವು ಬರೀ ನೀಲಿ. ಇದಕ್ಕೆ "ವೈಲ್ಡ್ ಟೈಪ್" ಅಂತ ಬರೆಯುತ್ತಾರೆ. ಪದ ಕೇಳಿದರೆ ಕಾಡುಪ್ರಾಣಿ ನೆನಪಾಗುತ್ತೆ, ಆದರೆ ಅರ್ಥ ಮಾಮೂಲಿನಂತಿದೆ ಅಂತ.

ಜೀನ್ ಕೆಟ್ಟಾಗ ಎರಡು ರೀತಿ ಕಾಣಬಹುದು. ಒಂದರಲ್ಲಿ ಕೆಲಸಕ್ಕೆ ಬಾರದ ಪ್ರೋಟೀನ್ ಕರಗದೆ ಗುಡ್ಡೆ ಬೀಳುತ್ತದೆ. ಗಡ್ಡೆಯ ಹೆಚ್ಚುಕಡಿಮೆ ಎಲ್ಲಾ ನ್ಯೂಕ್ಲಿಯಸ್ ಕಡು ಕಂದು, ಹುರಿದ ಕಾಫಿ ಬೀಜ ಚೆಲ್ಲಿದ ಹಾಗೆ. ಇದು "ಓವರ್‌ಎಕ್ಸ್‌ಪ್ರೆಶನ್". ಇನ್ನೊಂದರಲ್ಲಿ ಪ್ರೋಟೀನ್ ತಯಾರಾಗೋದೇ ಇಲ್ಲ. ಗಡ್ಡೆಯಲ್ಲಿ ಒಂದು ಚುಕ್ಕೆ ಕಂದೂ ಇರೋದಿಲ್ಲ. ಇದು "ನಲ್". ಅಪರೂಪಕ್ಕೆ ನ್ಯೂಕ್ಲಿಯಸ್ ಬಿಟ್ಟು ಸುತ್ತಲಿನ ಭಾಗದಲ್ಲಿ ಬಣ್ಣ ಬರೋದೂ ಉಂಟು. ಅದೂ ಕೆಟ್ಟ ಪಿ53ರ ಲಕ್ಷಣವೇ.

ಹಾಗಾಗಿ "ಪಿ53 ನೆಗೆಟಿವ್" ಅಂತ ಕಂಡ ತಕ್ಷಣ ಮನೆಯವರಿಗೆಲ್ಲ ಫೋನ್ ಮಾಡಿ ಖುಷಿ ಹಂಚಬೇಡಿ. ಅದು ನಲ್ ಆಗಿರಬಹುದು. ಬರೀ ಪಾಸಿಟಿವ್, ನೆಗೆಟಿವ್ ಅಂತ ಬರೆದಿದ್ದರೆ ಪ್ಯಾಟರ್ನ್ ಯಾವುದು ಅಂತ ಕೇಳಿ. ಅದು ಕೇಳಲೇಬೇಕಾದ ಪ್ರಶ್ನೆ, ಅಧಿಕಪ್ರಸಂಗ ಅಲ್ಲ.

ಇನ್ನೊಂದು ಗುಂಡಿ ಇದೆ. ಬಣ್ಣವೇ ಸರಿಯಾಗಿ ಹಿಡಿಯದಿದ್ದರೂ ಸ್ಲೈಡ್ ನಲ್ ತರಹವೇ ಕಾಣುತ್ತದೆ. ಎರಡನ್ನೂ ಬೇರೆ ಮಾಡೋದು ಹೇಗೆ? ಗಡ್ಡೆಯ ನಡುವೆ ಇರುವ ಕ್ಯಾನ್ಸರ್ ಅಲ್ಲದ ಜೀವಕೋಶ ನೋಡಬೇಕು. ರಕ್ತನಾಳದ ಗೋಡೆಯಲ್ಲಿ, ಲಿಂಫೋಸೈಟುಗಳಲ್ಲಿ ಅಲ್ಲಲ್ಲಿ ತೆಳು ಕಂದು ಇದ್ದೇ ಇರಬೇಕು. ಇದನ್ನು ಇಂಟರ್ನಲ್ ಕಂಟ್ರೋಲ್ ಅಂತೀವಿ. ಅದೂ ಖಾಲಿ ಇದ್ದರೆ ಪರೀಕ್ಷೆ ಫೇಲ್, ಮತ್ತೆ ಮಾಡಬೇಕು. ಒಮ್ಮೆ ಒಂದು ಸ್ಯಾಂಪಲ್ ಫಾರ್ಮಲಿನ್ ಬದಲು ಸಲೈನ್‌ನಲ್ಲಿ, ಬಸ್ ಪಾರ್ಸಲ್ಲಿನಲ್ಲಿ ಬಂದಿತ್ತು. ಚೂರು ಕೊಳೆಯೋಕೆ ಶುರುವಾಗಿತ್ತು. ಯಾವ ಆಂಟಿಬಾಡಿ ಹಾಕಿದರೂ ಎಲ್ಲಾ ಕಡೆ ಮಂಕು. ಕಳಿಸಿದ್ದು ಯಾರು ಅಂತ ಬರೆಯೋದಿಲ್ಲ. ಆ ಹೆಂಗಸಿಗೆ ಮತ್ತೆ ಸೂಜಿ ಚುಚ್ಚಬೇಕಾಯ್ತು.

ಈಗ ಮುಖ್ಯ ಪ್ರಶ್ನೆ. ಕೆಟ್ಟ ಪಿ53 ಇದ್ದರೆ ಆಯಸ್ಸು ಕಡಿಮೆಯಾ? ಹೈ ಗ್ರೇಡ್ ಸೀರಸ್‌ನಲ್ಲಿ ಈ ಪ್ರಶ್ನೆಗೆ ಅರ್ಥವೇ ಇಲ್ಲ. 2011ರಲ್ಲಿ ಪ್ರಕಟವಾದ ದೊಡ್ಡ ಜೀನ್ ಅಧ್ಯಯನದಲ್ಲಿ ಈ ವಿಧದ ಗಡ್ಡೆಗಳಲ್ಲಿ 96% ರಲ್ಲಿ ಪಿ53 ಜೀನ್ ಕೆಟ್ಟಿತ್ತು. ಕ್ಲಾಸಿನಲ್ಲಿ ಎಲ್ಲರೂ ಯೂನಿಫಾರ್ಮ್ ಹಾಕಿಕೊಂಡಿರುವಾಗ ಯೂನಿಫಾರ್ಮ್ ನೋಡಿ ಯಾರಿಗೆ ರ‍್ಯಾಂಕ್ ಅಂತ ಹೇಳೋಕಾಗುತ್ತಾ? ಇಲ್ಲಿ ಪಿ53 ಹೇಳೋದು ಇಷ್ಟೇ: ಹೌದು, ಇದು ಹೈ ಗ್ರೇಡ್ ಸೀರಸ್. ಆದರೆ ಎಂಡೋಮೆಟ್ರಿಯಾಯ್ಡ್ ಅಂತ ರಿಪೋರ್ಟ್ ಇದ್ದು, ಪಿ53 ಕೆಟ್ಟಿದ್ದರೆ ಕಥೆ ಬೇರೆ. ಅಲ್ಲಿ ಹೆಚ್ಚಿನವರಲ್ಲಿ ಪಿ53 ಸರಿಯಾಗೇ ಇರುತ್ತದೆ. ಪಿ53 ಕೆಟ್ಟಿರುವವರಲ್ಲಿ ಕಾಯಿಲೆ ಸ್ವಲ್ಪ ಜೋರು. ಅದೇ 4ನೇ ಕ್ರಾಸ್, ಬೇರೆ ಏರಿಯಾ.

5. ಇಆರ್, ಪಿಆರ್, ಕೆಐ-67

ಇಆರ್, ಪಿಆರ್ ಅಂದರೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನ್‌ಗಳು. ಅಂಡಾಶಯ ಕ್ಯಾನ್ಸರ್‌ನಲ್ಲಿ ಮುನ್ಸೂಚನೆಗೆ ಸ್ವಲ್ಪ ಗಟ್ಟಿ ಆಧಾರ ಇರುವ ಪ್ರೋಟೀನ್‌ ಅಂದರೆ ಇವು. 2013ರಲ್ಲಿ ಹಲವು ದೇಶಗಳ ತಂಡಗಳು ಸೇರಿ 2,933 ಹೆಂಗಸರ ಗಡ್ಡೆ ಪರೀಕ್ಷಿಸಿದವು. ಎಂಡೋಮೆಟ್ರಿಯಾಯ್ಡ್‌ನಲ್ಲಿ ಇಆರ್ ಅಥವಾ ಪಿಆರ್ ಇದ್ದವರು, ಹೈ ಗ್ರೇಡ್ ಸೀರಸ್‌ನಲ್ಲಿ ಪಿಆರ್ ಜೋರಾಗಿ, ಅಂದರೆ ಅರ್ಧಕ್ಕಿಂತ ಹೆಚ್ಚು ಜೀವಕೋಶದಲ್ಲಿ ಇದ್ದವರು ಹೆಚ್ಚು ಕಾಲ ಬದುಕಿದ್ದರು. ಬೇರೆ ವಿಧಗಳಲ್ಲಿ ಈ ನಂಟು ಕಾಣಲಿಲ್ಲ.

ಸ್ತನ ಕ್ಯಾನ್ಸರ್ ಆದ ಚಿಕ್ಕಮ್ಮನ ರಿಪೋರ್ಟ್ ಪಕ್ಕದಲ್ಲಿಟ್ಟು ಹೋಲಿಸಬೇಡಿ. ಅಲ್ಲಿ ಇಆರ್ ಪಾಸಿಟಿವ್ ಅಂದ ಕೂಡಲೇ ಹಾರ್ಮೋನ್ ಮಾತ್ರೆ ಶುರುವಾಗುತ್ತದೆ. ಇಲ್ಲಿ ಹಾಗಲ್ಲ. ಲೋ ಗ್ರೇಡ್ ಸೀರಸ್‌ನಲ್ಲಿ ಆ ಮಾತ್ರೆಗಳಿಗೆ ಒಂದು ಜಾಗ ಇದೆ. ಉಳಿದವರಿಗೆ ಡಾಕ್ಟರ್ ನೋಡಿ ನಿರ್ಧರಿಸಬೇಕು.

ಕೆಐ-67 ಅಂದರೆ ಎಷ್ಟು ಶೇಕಡಾ ಜೀವಕೋಶಗಳು ಈಗ ಒಡೆದು ಎರಡಾಗೋ ಕೆಲಸದಲ್ಲಿವೆ ಅನ್ನೋ ಲೆಕ್ಕ. 70% ಅಂತ ನೋಡಿ "70 ಭಾಗ ಹರಡಿದೆಯಂತೆ" ಅಂದುಕೊಂಡವರಿದ್ದಾರೆ. ಹರಡೋದಕ್ಕೂ ಇದಕ್ಕೂ ಸಂಬಂಧವಿಲ್ಲ. ಹೈ ಗ್ರೇಡ್‌ನಲ್ಲಿ ಈ ಸಂಖ್ಯೆ ದೊಡ್ಡದಾಗಿರೋದು ಮಾಮೂಲು. ಒಂದೇ ಸ್ಲೈಡನ್ನು ಇಬ್ಬರು ಎಣಿಸಿದರೆ ಒಬ್ಬರು 60 ಅಂತಾರೆ, ಇನ್ನೊಬ್ಬರು 75 ಅಂತಾರೆ. ನನ್ನ ಕೇಳಿದರೆ, ಈ ಒಂದು ಸಾಲಿಗೆ ನಿದ್ದೆ ಕೆಡಿಸಿಕೊಳ್ಳಬೇಡಿ.

6. ಔಷಧಿಗೆ ದಾರಿ ತೋರಿಸುವ ಸಾಲುಗಳು

ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಡಿಎನ್‌ಎ ಕಾಪಿಯಾಗುವಾಗ ಆಗೋ ತಪ್ಪು ತಿದ್ದುವ ನಾಲ್ಕು ಪ್ರೋಟೀನ್‌. ಇಲ್ಲಿ ಲೆಕ್ಕ ತಲೆಕೆಳಗು. ಇದ್ದರೆ ಸರಿ, ಇಲ್ಲದಿದ್ದರೆ ಸುದ್ದಿ. "ಇಂಟ್ಯಾಕ್ಟ್" ಅಂದರೆ ಇದೆ, "ಲಾಸ್" ಅಂದರೆ ಇಲ್ಲ. ಸಾಮಾನ್ಯವಾಗಿ ಎಂಎಲ್‌ಎಚ್1 ಜೊತೆ ಪಿಎಂಎಸ್2, ಎಂಎಸ್‌ಎಚ್2 ಜೊತೆ ಎಂಎಸ್‌ಎಚ್6 ಹೀಗೆ ಜೋಡಿಯಾಗಿ ಕಾಣೆಯಾಗುತ್ತವೆ. ಎಂಡೋಮೆಟ್ರಿಯಾಯ್ಡ್ ವಿಧದಲ್ಲಿ ಇದು ಮುಖ್ಯ. ಲಾಸ್ ಇದ್ದರೆ ಇಮ್ಯುನೋಥೆರಪಿಯ, ಅಂದರೆ ದೇಹದ ರಕ್ಷಣಾ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆಯ ಮಾತು ಬರಬಹುದು. ಮನೆತನದಲ್ಲಿ ಲಿಂಚ್ ಸಿಂಡ್ರೋಮ್ ಇದೆಯಾ ಅಂತಲೂ ನೋಡಬೇಕಾಗುತ್ತದೆ. ಅದು ಕರುಳು ಮತ್ತು ಗರ್ಭಕೋಶದ ಕ್ಯಾನ್ಸರ್ ತರುವ ವಂಶದ ತೊಂದರೆ. ಆದರೆ ಎಂಎಲ್‌ಎಚ್1 ಲಾಸ್ ಎಲ್ಲಾ ಸಲ ವಂಶದಿಂದಲೇ ಬಂದಿದ್ದಲ್ಲ. ಇನ್ನೊಂದು ಪರೀಕ್ಷೆ ಆಗೋವರೆಗೆ ಅಣ್ಣತಮ್ಮಂದಿರಿಗೆಲ್ಲ ಹೇಳಿ ಹೆದರಿಸೋದು ಬೇಡ.

ಫೋಲೇಟ್ ರಿಸೆಪ್ಟರ್ ಆಲ್ಫಾ. ಜೀವಕೋಶದ ಹೊರಪದರದಲ್ಲಿರುವ ಒಂದು ಪ್ರೋಟೀನ್. ಪ್ಲಾಟಿನಂ ಕೀಮೋ (ಕಾರ್ಬೊಪ್ಲಾಟಿನ್ ತರಹದ ಔಷಧಿ) ಮುಗಿಸಿ ಆರು ತಿಂಗಳೊಳಗೆ ಕಾಯಿಲೆ ಮರಳಿದವರಿಗೆ ಮಿರ್ವೆಟಕ್ಸಿಮಾಬ್ ಅನ್ನೋ ಔಷಧಿಗೆ ಅಮೆರಿಕದಲ್ಲಿ 2022ರ ನವೆಂಬರಿನಲ್ಲಿ ಮೊದಲ ಒಪ್ಪಿಗೆ ಸಿಕ್ಕಿತು. ಗಡ್ಡೆಯ ಕನಿಷ್ಠ 75% ಜೀವಕೋಶಗಳ ಹೊರಪದರದಲ್ಲಿ ಮಧ್ಯಮ ಅಥವಾ ಗಾಢ ಬಣ್ಣ ಇದ್ದರೆ ಮಾತ್ರ ಅದು ಅನ್ವಯ. ಹರ್2 ಪ್ರೋಟೀನಿಗೆ 0, 1+, 2+, 3+ ಅಂತ ಅಂಕ ಕೊಡುತ್ತಾರೆ. 3+ ಬಂದ ಗಡ್ಡೆಗಳಿಗೂ ಒಂದು ಔಷಧಿಯ ದಾರಿ ಇದೆ. ಮೊದಲ ಸಲದ ಕೀಮೋ ಚೆನ್ನಾಗಿ ನಡೀತಿರುವಾಗ ಇವುಗಳ ಹಿಂದೆ ಓಡಿ ದುಡ್ಡು ಸುರಿಯಬೇಡಿ. ಯಾವಾಗ ಬೇಕಾಗಬಹುದು ಅಂತ ಆಂಕಾಲಜಿಸ್ಟ್ ಹತ್ತಿರ ಕೇಳಿಟ್ಟುಕೊಳ್ಳಿ.

7. ಇಂಟರ್ನೆಟ್ಟಿನಲ್ಲಿ ಸಿಕ್ಕ ಸಂಶೋಧನೆ ಓದುವಾಗ

"ಹೊಸ ಪ್ರೋಟೀನ್ ಅಂಡಾಶಯ ಕ್ಯಾನ್ಸರ್‌ನ ಭವಿಷ್ಯ ಹೇಳುತ್ತೆ" ಅನ್ನೋ ತಲೆಬರಹಕ್ಕೆ ಕೊರತೆ ಇಲ್ಲ. ಅವುಗಳಲ್ಲಿ ದಿನನಿತ್ಯದ ರಿಪೋರ್ಟಿಗೆ ಬಂದು ಕೂತದ್ದು ತೀರಾ ಕಮ್ಮಿ. ಓದುವಾಗ ನೋಡಬೇಕಾದ್ದು: ಎಷ್ಟು ಜನರ ಗಡ್ಡೆ, ಒಂದೇ ವಿಧದ್ದೋ ಎಲ್ಲಾ ಕಲಸಿದ್ದೋ, ಸ್ಟೇಜ್ ಲೆಕ್ಕಕ್ಕೆ ತೆಗೆದುಕೊಂಡಿದ್ದಾರಾ, ಬೇರೆ ತಂಡ ಮಾಡಿದಾಗಲೂ ಅದೇ ಬಂತಾ.

"ಹಜಾರ್ಡ್ ರೇಶಿಯೋ 0.7" ಅಂತ ಇದ್ದರೆ 70% ಜನ ಬದುಕುತ್ತಾರೆ ಅಂತ ಅರ್ಥವಲ್ಲ. ಎರಡು ಗುಂಪು ಹೋಲಿಸಿದಾಗ, ಯಾವುದೇ ಹೊತ್ತಿನಲ್ಲಿ ಒಂದು ಗುಂಪಿನ ಅಪಾಯ ಇನ್ನೊಂದಕ್ಕಿಂತ ಸುಮಾರು 30% ಕಡಿಮೆ ಅಂತ. ಅದು ಗುಂಪಿನ ಮಾತು. ನಿಮ್ಮ ಅಮ್ಮನ ಕ್ಯಾಲೆಂಡರ್ ಅಲ್ಲ.

ಹಳೇ ಅಂಕಿಗಳ ಬಗ್ಗೆಯೂ ಎಚ್ಚರ ಬೇಕು. 2003ರಲ್ಲಿ 186 ಸ್ಯಾಂಪಲ್ ನೋಡಿದ ಹೆಸರಾಂತ ಅಧ್ಯಯನ ಒಂದಿದೆ. ಗಡ್ಡೆಯೊಳಗೆ ಟಿ ಸೆಲ್, ಅಂದರೆ ನಮ್ಮದೇ ರಕ್ಷಣೆಯ ಬಿಳಿ ರಕ್ತಕಣ, ಇದ್ದವರಲ್ಲಿ ಐದು ವರ್ಷ ಬದುಕಿದವರು 38%, ಇಲ್ಲದವರಲ್ಲಿ 4.5%. ವ್ಯತ್ಯಾಸ ದೊಡ್ಡದೇ. ಆದರೆ ಅದು ಒಲಾಪರಿಬ್ ತರಹದ ಹೊಸ ಕ್ಯಾನ್ಸರ್ ಮಾತ್ರೆಗಳು ಬರುವ ಮುಂಚಿನ ಕಾಲ. ಆ ಸಂಖ್ಯೆಯನ್ನು ಇವತ್ತಿನ ರೋಗಿಯ ಹಣೆಗೆ ಅಂಟಿಸೋಕಾಗಲ್ಲ.

8. ಯಾವುದಕ್ಕೆ ತೂಕ ಜಾಸ್ತಿ?

ಯಾವ ಪ್ರೋಟೀನಿಗಿಂತಲೂ ಹೆಚ್ಚು ತೂಕ ಇವತ್ತಿಗೂ ಇರೋದು ಹಳೇ ವಿಷಯಗಳಿಗೇ. ಸ್ಟೇಜ್ ಎಷ್ಟು, ಆಪರೇಷನ್ನಿನಲ್ಲಿ ಕಣ್ಣಿಗೆ ಕಾಣುವ ಗಡ್ಡೆ ಪೂರ್ತಿ ತೆಗೆದರಾ, ಪ್ಲಾಟಿನಂ ಕೀಮೋಗೆ ಕಾಯಿಲೆ ಹೇಗೆ ಬಗ್ಗಿತು, ಬಿಆರ್‌ಸಿಎ ಏನು ಬಂತು. ಆಪರೇಷನ್ ನೋಟ್ಸ್ ತೆಗೆದು "ಆರ್0" ಅಥವಾ "ನೋ ಗ್ರಾಸ್ ರೆಸಿಡ್ಯುವಲ್" ಅನ್ನೋ ಮಾತು ಹುಡುಕಿ. ಕಾಣುವ ಗಡ್ಡೆ ಏನೂ ಉಳಿದಿಲ್ಲ ಅಂತ ಅರ್ಥ. ಐಎಚ್‌ಸಿ ಪುಟದ ಹನ್ನೆರಡು ಸಾಲಿಗಿಂತ ಆ ಒಂದು ಸಾಲು ಹೆಚ್ಚು ಹೇಳುತ್ತದೆ.

ಬಿಆರ್‌ಸಿಎ ಪರೀಕ್ಷೆ ಆಗಿಲ್ಲದಿದ್ದರೆ ಮುಂದಿನ ಭೇಟಿಯಲ್ಲೇ ಕೇಳಿ. ಹೈ ಗ್ರೇಡ್ ಸೀರಸ್ ಆದ ಎಲ್ಲರಿಗೂ, ಮನೆಯಲ್ಲಿ ಯಾರಿಗೂ ಕ್ಯಾನ್ಸರ್ ಇಲ್ಲದಿದ್ದರೂ, ಈ ಪರೀಕ್ಷೆ ಮಾಡಬೇಕು ಅನ್ನೋದು ಈಗಿನ ಪದ್ಧತಿ.

9. ಬೆಂಗಳೂರಿಗೆ ಎರಡನೇ ಅಭಿಪ್ರಾಯಕ್ಕೆ ಬರುವಾಗ

ಚಿತ್ರದುರ್ಗದಿಂದಲೋ ಹಾಸನದಿಂದಲೋ ರಾತ್ರಿ ಬಸ್ಸಿಗೆ ಹೊರಟು, ಮೆಜೆಸ್ಟಿಕ್ಕಿನಲ್ಲಿ ಇಳಿದು, ಡೇರಿ ಸರ್ಕಲ್ ಹತ್ತಿರದ ಕಿದ್ವಾಯಿಗೋ ಬೇರೆ ಆಸ್ಪತ್ರೆಗೋ ಹೋದರೆ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, "ಬ್ಲಾಕ್ ತಂದಿದೀರಾ?" ರಿಪೋರ್ಟ್ ಮಾತ್ರ ತಂದವರು ಅದೇ ಬಸ್ಸಿಗೆ ವಾಪಸ್. ಆದ್ದರಿಂದ ಹೊರಡುವ ಮೊದಲೇ ಊರಿನ ಲ್ಯಾಬಿಗೆ ಒಂದು ಅರ್ಜಿ ಬರೆದು ಬ್ಲಾಕ್ ಮತ್ತು ಬಣ್ಣ ಹಾಕಿದ ಸ್ಲೈಡ್ ಎರಡನ್ನೂ ತೆಗೆದುಕೊಳ್ಳಿ. ಬಣ್ಣ ಹಾಕದ ಖಾಲಿ ಸ್ಲೈಡ್ ಕೊಟ್ಟು ಸಾಗಹಾಕಿದರೆ ಒಪ್ಪಬೇಡಿ. ಕತ್ತರಿಸಿಟ್ಟ ಪದರದಲ್ಲಿ ದಿನ ಕಳೆದಂತೆ ಕೆಲವು ಪ್ರೋಟೀನ್ ಮಂಕಾಗುತ್ತವೆ.

ಬ್ಲಾಕ್ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕ. ಒಳಗಿರೋದು ಮೇಣ ಅಂತ ನೆನಪಿರಲಿ. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಮೆತ್ತಗಾಗುತ್ತದೆ. ಹತ್ತಿಯಲ್ಲಿ ಸುತ್ತಿ, ಒಂದು ಡಬ್ಬಿಯಲ್ಲಿಟ್ಟು, ಕೈಚೀಲದಲ್ಲೇ ಇಟ್ಟುಕೊಳ್ಳಿ. ಕೀಮೋಗೆ ಮೊದಲಿನ ಬಯಾಪ್ಸಿ ಬ್ಲಾಕ್, ಕೀಮೋ ನಂತರ ಆಪರೇಷನ್ನಿನ ಬ್ಲಾಕ್ ಎರಡೂ ಇದ್ದರೆ ಎರಡನ್ನೂ ತನ್ನಿ. ಯಾವುದು ಯಾವಾಗಿನದು ಅಂತ ಚೀಟಿ ಅಂಟಿಸಿ. ಹೊಟ್ಟೆಯ ನೀರು ತೆಗೆದು ಅದರಿಂದ ಮಾಡಿದ ಸೆಲ್ ಬ್ಲಾಕ್ ಇದ್ದರೆ ಅದೂ ಬ್ಲಾಕೇ. ಚಿಕ್ಕದು ಅಂತ ಬಿಟ್ಟು ಬರಬೇಡಿ.

ಐಎಚ್‌ಸಿ ದುಡ್ಡು ಸಾಮಾನ್ಯವಾಗಿ ಮಾರ್ಕರ್ ಲೆಕ್ಕದಲ್ಲಿ ಬೀಳುತ್ತದೆ. ಮತ್ತೆ ಮಾಡಿಸೋದಾದರೆ ಯಾವ ಮಾರ್ಕರ್, ಯಾಕೆ ಅಂತ ಮೊದಲೇ ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ದುಡ್ಡು ಕಟ್ಟೋ ಮೊದಲು ಆಸ್ಪತ್ರೆಯ ಯೋಜನೆ ಕೌಂಟರಿನಲ್ಲಿ ವಿಚಾರಿಸಿ. ಕಟ್ಟಿದ ಮೇಲೆ ವಾಪಸ್ ಪಡೆಯೋದು ದೊಡ್ಡ ತಲೆನೋವು. ಪರೀಕ್ಷೆ ಅದೇ ದಿನ ಮುಗಿಯೋದಿಲ್ಲ, ಕೆಲವು ದಿನ ಬೇಕು. ರೋಗಿಯನ್ನು ಕರೆದುಕೊಂಡು ಬಂದು ಕಾಯೋದಕ್ಕಿಂತ ಬ್ಲಾಕನ್ನು ಮನೆಯವರು ಒಬ್ಬರು ಮೊದಲೇ ತಂದು ಕೊಡಬಹುದಾ ಅಂತ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ.

ಬ್ಲಾಕ್ ಕೊಟ್ಟಾಗ ನಂಬರ್ ಬರೆದ ರಸೀದಿ ತೆಗೆದುಕೊಳ್ಳಿ. ವಾಪಸ್ ಕೊಟ್ಟಾಗ ಕೌಂಟರ್ ಬಿಡೋ ಮೊದಲೇ ಬ್ಲಾಕಿನ ಅಂಚಿನ ಮೇಲಿನ ನಂಬರನ್ನೂ ರಿಪೋರ್ಟಿನಲ್ಲಿ ನೀವು ಪೆನ್ಸಿಲಿನಲ್ಲಿ ಸುತ್ತು ಹಾಕಿದ ನಂಬರನ್ನೂ ಪಕ್ಕಪಕ್ಕ ಇಟ್ಟು ಓದಿ. ಒಂದಂಕಿ ತಪ್ಪಿದ್ದರೂ ಅಲ್ಲೇ ಹೇಳಿ.